ಸಿಸ್ಟಂ ತಗೊಳ್ತಾ ಇಲ್ಲಮ್ಮ

ಕಳೆದ ಸಂಚಿಕೆಯಲ್ಲಿ ಯಾರಿಗೋ ಉತ್ತರಿಸುವಾಗ, "ಯಂತ್ರಗಳು ಮನುಷ್ಯರನ್ನು ಆಳುವ ಸಿನಿಮಾ ಬೇಕಾದಷ್ಟು ನೋಡಿದ್ದೇನೆ, ನಿಜವಾಗಿ ಹೆದರಿಸಿದ್ದು ಎರಡೋ ಮೂರೋ" ಎಂದು ಬರೆದು ಸುಮ್ಮನಾಗಿದ್ದೆ. ಅವು ಯಾವುವು ಎಂದು ಕೇಳಿ ಪತ್ರಗಳ ಮೇಲೆ ಪತ್ರ. ಈ ಸಲ ನಾಯಕ–ನಾಯಕಿಯರ ಪ್ರಶ್ನೆಗಳಿಗೆ ರಜೆ. ಮೊದಲ ಉತ್ತರ ಉದ್ದವಾಯಿತು. ಕಾಫಿ ತಂದುಕೊಂಡು ಕೂತು ಓದಿ.

ಪ್ರ: ರೋಬೋ ಎದ್ದು ಬಂದು ಕೊಲ್ಲುವುದು, ಕಂಪ್ಯೂಟರ್ ಯುದ್ಧ ಶುರು ಮಾಡುವುದು, ಇವೆಲ್ಲ ಟಿಕೆಟ್ ಮಾರುವ ಉಪಾಯ ಅಲ್ವಾ ಮೇಡಂ? ಇಂಥ ಸಿನಿಮಾದಿಂದ ಯಾರಿಗಾದರೂ ಉಪಯೋಗ ಆಗಿದ್ದುಂಟೇ?
*ಹೈಸ್ಕೂಲ್ ವಿಜ್ಞಾನ ಮೇಷ್ಟ್ರು, ಅರಸೀಕೆರೆ*

ಉ: ಟಿಕೆಟ್ ಮಾರುವ ಉಪಾಯ ಹೌದು. ಆದರೆ ಒಂದು ಸಲ ಅಮೆರಿಕದ ಅಧ್ಯಕ್ಷರಿಗೇ ಉಪಯೋಗ ಆಗಿದೆ ಮೇಷ್ಟ್ರೇ.

1983ರ ಜೂನ್ 3ರಂದು ಅಲ್ಲಿ 'ವಾರ್‌ಗೇಮ್ಸ್' ಬಿಡುಗಡೆಯಾಯಿತು. ಜಾನ್ ಬ್ಯಾಡಮ್ ನಿರ್ದೇಶನ. ನಾನು ನೋಡಿದ್ದು ಮೂರ್ನಾಲ್ಕು ವರ್ಷ ಕಳೆದ ಮೇಲೆ, ದಾವಣಗೆರೆಯಲ್ಲಿ. ಆಗ ನಾನು ಅಲ್ಲಿ ಬ್ಯಾಂಕ್ ಗುಮಾಸ್ತೆ. ಪಕ್ಕದ ಮನೆಯವರು ಒಂದು ರಾತ್ರಿಗೆ ವಿಸಿಆರ್ ಬಾಡಿಗೆಗೆ ತಂದಿದ್ದರು. ಬೆಳಗಾಗುವುದರೊಳಗೆ ಮೂರು ಕ್ಯಾಸೆಟ್ ನೋಡಿ ಬಾಡಿಗೆ ವಸೂಲು ಮಾಡಬೇಕು. ಮೊದಲೆರಡು ರಾಜ್‌ಕುಮಾರ್ ಸಿನಿಮಾ. ಇದು ಮೂರನೆಯದು. ಆ ಹೊತ್ತಿಗೆ ಚಾಪೆ ಮೇಲೆ ಅರ್ಧ ಜನ ಗೊರಕೆ ಹೊಡೆಯುತ್ತಿದ್ದರು.

ಕತೆ ಸರಳ. ಒಬ್ಬ ಹೈಸ್ಕೂಲ್ ಹುಡುಗ ಮನೆಯ ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸಿ ಹೊಸ ವಿಡಿಯೋ ಗೇಮ್ ಹುಡುಕುತ್ತಿರುತ್ತಾನೆ. ಗೊತ್ತಿಲ್ಲದೆ ಸೇನೆಯ ಕಂಪ್ಯೂಟರಿನೊಳಗೆ ನುಗ್ಗುತ್ತಾನೆ. ಆಟ ಅಂದುಕೊಂಡು ಅಣುಯುದ್ಧ ಶುರು ಮಾಡುತ್ತಾನೆ. ಅತ್ತ ಸೇನೆಯವರ ಪರದೆಯಲ್ಲಿ ರಷ್ಯಾದ ಕ್ಷಿಪಣಿಗಳು ಹೊರಟಿರುತ್ತವೆ!

ನನ್ನ ನಿದ್ದೆ ಹಾರಿಸಿದ್ದು ಮಾತ್ರ ಹುಡುಗ ಕಾಣಿಸಿಕೊಳ್ಳುವ ಮೊದಲೇ ಬರುವ ದೃಶ್ಯ. ನೆಲದಡಿಯ ಕೋಣೆಯಲ್ಲಿ ಇಬ್ಬರು ಅಧಿಕಾರಿಗಳು. ಕ್ಷಿಪಣಿ ಹಾರಿಸಿ ಎಂದು ಆದೇಶ ಬರುತ್ತದೆ. ಇಬ್ಬರೂ ಒಟ್ಟಿಗೆ ಕೀಲಿ ತಿರುಗಿಸಬೇಕು. ಹಿರಿಯವನ ಕೈ ಮುಂದೆ ಹೋಗುವುದಿಲ್ಲ. ಮೊದಲು ಫೋನ್‌ನಲ್ಲಿ ಯಾರನ್ನಾದರೂ ಕೇಳೋಣ ಅನ್ನುತ್ತಾನೆ. ಕಿರಿಯವನು ಅವನತ್ತ ಪಿಸ್ತೂಲು ಹಿಡಿಯುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಅದು ಸುಮ್ನೆ ಪರೀಕ್ಷೆ. ಆ ಪರೀಕ್ಷೆಯಲ್ಲಿ ನೂರಕ್ಕೆ 22 ಮಂದಿ ಕೀಲಿ ತಿರುಗಿಸಲಿಲ್ಲ ಎಂದು ಲೆಕ್ಕ ಸಿಗುತ್ತದೆ. ದೊಡ್ಡವರು ಕೂತು ತೀರ್ಮಾನಿಸುತ್ತಾರೆ: ತೊಂದರೆ ಇರುವುದು ಮನುಷ್ಯರಲ್ಲಿ. ಅವರನ್ನು ಅಲ್ಲಿಂದ ಎಬ್ಬಿಸಿ, ಕೆಲಸವನ್ನು ಕಂಪ್ಯೂಟರಿಗೆ ಬಿಡೋಣ.

ಬಿಡುಗಡೆಯ ಮಾರನೇ ದಿನವೇ ಅಧ್ಯಕ್ಷ ರೊನಾಲ್ಡ್ ರೇಗನ್ ಕ್ಯಾಂಪ್ ಡೇವಿಡ್‌ನಲ್ಲಿ ಇದನ್ನು ನೋಡಿದರು. ಮೊದಲು ಅವರೂ ಸಿನಿಮಾ ನಟರೇ ತಾನೇ. ಮುಂದಿನ ವಾರ ಒಂದು ಸಭೆಯಲ್ಲಿ ಕತೆಯನ್ನೆಲ್ಲ ಹೇಳಿ, ಹೀಗೆ ನಿಜವಾಗಿ ಆಗಬಹುದೇ ಎಂದು ಸೇನಾ ಮುಖ್ಯಸ್ಥ ಜನರಲ್ ಜಾನ್ ವೆಸಿಯನ್ನು ಕೇಳಿದರು. ಜನರಲ್ ಒಂದು ವಾರ ವಿಚಾರಿಸಿ ಬಂದು, ನೀವು ಅಂದುಕೊಂಡಿದ್ದಕ್ಕಿಂತ ಪರಿಸ್ಥಿತಿ ಜಾಸ್ತಿ ಕೆಟ್ಟದಾಗಿದೆ ಅಂದರಂತೆ. 1984ರ ಸೆಪ್ಟೆಂಬರಿನಲ್ಲಿ ಸರ್ಕಾರಿ ಕಂಪ್ಯೂಟರುಗಳ ಭದ್ರತೆಗೆಂದೇ ಅಧ್ಯಕ್ಷರ ಆದೇಶ ಹೊರಟಿತು. ಹೈಸ್ಕೂಲ್ ಹುಡುಗನ ಸಿನಿಮಾಕ್ಕೆ ಇದಕ್ಕಿಂತ ಇನ್ನೇನು ಬೇಕು?

ಇನ್ನೊಂದು ವಿಷಯ ಕೇಳಿ. ಆ ಸಿನಿಮಾ ಬರುವ ಮುಂಚೆಯೇ, 1979ರ ನವೆಂಬರ್ 9ರಂದು, ಅಮೆರಿಕದ ವಾಯುರಕ್ಷಣಾ ಕೇಂದ್ರದಲ್ಲಿ ತರಬೇತಿಗೆ ಇಟ್ಟಿದ್ದ ಸುಳ್ಳು ದಾಳಿಯ ಟೇಪು ನಿಜವಾದ ವ್ಯವಸ್ಥೆಯಲ್ಲೇ ಓಡಿಬಿಟ್ಟಿತ್ತು. ಯುದ್ಧವಿಮಾನಗಳು ಮೇಲೇರಿದವು. ಅಧ್ಯಕ್ಷರಿಗೆ ಮೀಸಲಾದ ತುರ್ತು ವಿಮಾನ ಕೂಡ ಹಾರಿತು, ಅಧ್ಯಕ್ಷರನ್ನು ಬಿಟ್ಟು!

ಸಿನಿಮಾ ಬಂದು ನಾಲ್ಕು ತಿಂಗಳು ತುಂಬುವುದರೊಳಗೆ ರಷ್ಯಾದ ಕಡೆ ಸರದಿ. 1983ರ ಸೆಪ್ಟೆಂಬರ್ 26. ರಾತ್ರಿ ಪಾಳಿಯಲ್ಲಿ ಸ್ತಾನಿಸ್ಲಾವ್ ಪೆಟ್ರೋವ್ ಎಂಬ ಅಧಿಕಾರಿ. ಅಮೆರಿಕದಿಂದ ಕ್ಷಿಪಣಿ ಹೊರಟಿದೆ ಎಂದು ಉಪಗ್ರಹದ ಸೂಚನೆ. ಮೊದಲು ಒಂದು, ಆಮೇಲೆ ಒಟ್ಟು ಐದು. ಯುದ್ಧ ಶುರು ಮಾಡುವವರು ಐದೇ ಐದು ಕಳಿಸುತ್ತಾರೆಯೇ ಎಂದು ಆತ ಯೋಚಿಸಿದ. ನೆಲದ ಮೇಲಿನ ರಾಡಾರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಇದು ಸುಳ್ಳು ಎಚ್ಚರಿಕೆ ಎಂದು ಮೇಲಿನವರಿಗೆ ತಿಳಿಸಿದ. ಮೋಡದ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿ ಎಂದು ಓದಿತ್ತು.

ಸಿನಿಮಾದ ಆ ಹಿರಿಯ ಅಧಿಕಾರಿಯನ್ನೂ ಈ ಪೆಟ್ರೋವ್‌ನನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬನನ್ನು ಲೆಕ್ಕದಲ್ಲಿ ಫೇಲಾದವನು ಎಂದು ಬರೆದುಕೊಂಡರು.

ಪ್ರ: 1997ರ ಆಗಸ್ಟ್ 29ಕ್ಕೆ ಯಂತ್ರಗಳಿಗೆ ಪ್ರಜ್ಞೆ ಬರುತ್ತೆ ಅಂದಿತ್ತು 'ಟರ್ಮಿನೇಟರ್ 2'. 2019ಕ್ಕೆ ಹಾರುವ ಕಾರು ಅಂದಿತ್ತು 'ಬ್ಲೇಡ್ ರನ್ನರ್'. ಎರಡೂ ವರ್ಷ ಬಂದು ಹೋದವು. ಸಿನಿಮಾದವರ ಪಂಚಾಂಗ ಸುಳ್ಳು ತಾನೇ?
*ಮೆಡಿಕಲ್ ಶಾಪ್ ಮಾಲೀಕರು, ಗದಗ*

ಉ: ಪಂಚಾಂಗ ಪೂರ್ತಿ ಸುಳ್ಳು. 1982ರಲ್ಲಿ ಬಂದ 'ಬ್ಲೇಡ್ ರನ್ನರ್'ನ 2019ರಲ್ಲಿ ಆಕಾಶದ ತುಂಬಾ ಕಾರು. ಆದರೆ ನಾಯಕನ ಜೇಬಿನಲ್ಲಿ ಮೊಬೈಲ್ ಇಲ್ಲ. ಹುಡುಗಿಗೆ ಫೋನ್ ಮಾಡಲು ಬೂತಿಗೆ ಹೋಗುತ್ತಾನೆ, ಮುಖ ನೋಡಿ ಮಾತಾಡಿದ್ದಕ್ಕೆ ಒಂದೂಕಾಲು ಡಾಲರ್ ತೆರುತ್ತಾನೆ. ಅವರನ್ನು ತಾರೀಕು ಕೇಳಬೇಡಿ ಸ್ವಾಮಿ, ಹೆದರಿಕೆ ಏನು ಅಂತ ಕೇಳಿ.

ಪ್ರ: ಸಿನಿಮಾದ ಕಂಪ್ಯೂಟರ್ ಒಳ್ಳೆಯದಾಗೇ ಇದ್ದು ನಡುವೆ ಕೆಟ್ಟದಾಗುವುದು ಯಾಕೆ? ಅದಕ್ಕೆ ಸಿಟ್ಟು ಎಲ್ಲಿಂದ ಬರುತ್ತೆ?
*ಪಿಯುಸಿ ವಿದ್ಯಾರ್ಥಿನಿ, ತುಮಕೂರು*

ಉ: ಒಳ್ಳೆಯ ಸಿನಿಮಾದಲ್ಲಿ ಅದಕ್ಕೆ ಸಿಟ್ಟೇ ಬರುವುದಿಲ್ಲ ಪುಟ್ಟಿ. 1968ರ '2001: ಎ ಸ್ಪೇಸ್ ಒಡಿಸ್ಸಿ' ನೋಡು. ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶನ. ಅದರಲ್ಲಿ ನೌಕೆ ನಡೆಸುವ ಹ್ಯಾಲ್ ಎಂಬ ಕಂಪ್ಯೂಟರ್ ನೌಕೆಯವರನ್ನೇ ಕೊಲ್ಲುತ್ತದೆ. ಒಮ್ಮೆಯೂ ದನಿ ಎತ್ತುವುದಿಲ್ಲ. ನಮ್ಮ ಬ್ಯಾಂಕಿನ ಒಬ್ಬ ಮ್ಯಾನೇಜರ್ ಸಾಲ ಕೊಡುವುದಿಲ್ಲ ಎಂದು ಹೇಳುತ್ತಿದ್ದದ್ದು ಇದೇ ದನಿಯಲ್ಲಿ.

ಕಾರಣ ಗೊತ್ತಾಗುವುದು 1984ರಲ್ಲಿ ಬಂದ ಎರಡನೆಯ ಭಾಗದಲ್ಲಿ. ಹ್ಯಾಲ್‌ನನ್ನು ಮಾಡಿದ್ದು ಸುಳ್ಳು, ಮುಚ್ಚುಮರೆ ಇಲ್ಲದೆ ಮಾಹಿತಿ ಕೊಡಲು. ಆಮೇಲೆ ಮೇಲಿನವರು, ಪ್ರಯಾಣದ ನಿಜವಾದ ಉದ್ದೇಶವನ್ನು ನೌಕೆ ನಡೆಸುವ ಇಬ್ಬರಿಗೆ ಹೇಳಬೇಡ ಎಂದು ಗುಟ್ಟಾಗಿ ಅಪ್ಪಣೆ ಕೊಟ್ಟರು. ಹೊಸ ಸೊಸೆಗೆ "ಅತ್ತೆ ಹತ್ರ ಸುಳ್ಳು ಹೇಳಬೇಡ, ನಿಜಾನೂ ಹೇಳಬೇಡ" ಅಂದ ಹಾಗೆ. ಸೊಸೆಯಾದರೆ ತವರಿಗೆ ಹೋಗಿ ಅತ್ತು ಬರುತ್ತಾಳೆ. ಹ್ಯಾಲ್‌ಗೆ ತವರಿಲ್ಲ.

ಕೊನೆಗೆ ಅದರ ನೆನಪಿನ ತುಂಡುಗಳನ್ನು ಒಂದೊಂದಾಗಿ ಕಳಚುವಾಗ ಅದು 'ಡೇಸಿ ಬೆಲ್' ಎಂಬ ಹಳೇ ಹಾಡು ಹಾಡುತ್ತದೆ. 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಐಬಿಎಂ ಕಂಪ್ಯೂಟರೊಂದು ಇದೇ ಹಾಡು ಹಾಡಿತ್ತು. ಕತೆಗಾರ ಆರ್ಥರ್ ಸಿ. ಕ್ಲಾರ್ಕ್ ಅಲ್ಲಿ ಹೋಗಿ ಅದನ್ನು ಕೇಳಿ ಬಂದಿದ್ದರು. ಐದು ಜನರಲ್ಲಿ ನಾಲ್ವರನ್ನು ಕೊಂದ ಯಂತ್ರ ಅದು. ಆದರೂ ಆ ಹಾಡು ಎಳೆದೆಳೆದು ನಿಂತುಹೋಗುವಾಗ ನನಗೆ ಪ್ರತಿ ಸಲ ಅಳು ಬರುತ್ತದೆ.

ಪ್ರ: ಮೇಡಂ, ನಾನು ಸಾಫ್ಟ್‌ವೇರ್ ಕೆಲಸದವನು. ಬೇಜಾರು ಮಾಡ್ಕೋಬೇಡಿ, ನಿಮ್ಮ ವಯಸ್ಸಿನವರಿಗೆ ಕಂಪ್ಯೂಟರ್ ಕಂಡರೆ ಆಗಲ್ಲ. ನಮ್ಮಪ್ಪನೂ ಹೀಗೇ. ಇಂಥ ಸಿನಿಮಾಗಳು ನಿಮ್ಮ ಭಯಕ್ಕೆ ತುಪ್ಪ ಸುರಿಯುತ್ತವೆ, ಅಷ್ಟೇ ಅಲ್ವಾ?
*ಹೆಸರು ಬೇಡ, ಬೆಂಗಳೂರು*

ಉ: ಬೇಜಾರಿಲ್ಲಪ್ಪ. ಆದರೆ ನನ್ನ ಭಯ ಯಂತ್ರದ್ದಲ್ಲ. ನನ್ನದೇ ಒಂದು ತಪ್ಪು ಹೇಳುತ್ತೇನೆ.

ದಾವಣಗೆರೆಯ ನಮ್ಮ ಶಾಖೆಗೆ ಖಾತೆಗಳ ಲೆಕ್ಕ ಬರೆದಿಡುವ ಲೆಡ್ಜರ್ ಪೋಸ್ಟಿಂಗ್ ಮೆಷಿನ್ ಬಂದಾಗ ಮೊದಲು ಕಲಿತವಳು ನಾನೇ. ಯೂನಿಯನ್ನಿನವರ ಕೆಂಗಣ್ಣು ಬೇರೆ. ಆ ಹಸಿರು ಅಕ್ಷರ ನೋಡಿದರೆ ನನಗೆ ಹೆಮ್ಮೆ. ಮಂಡಕ್ಕಿ ಭಟ್ಟಿಯ ಅಜ್ಜ ಒಬ್ಬರು ಬಂದು, ಹೋದ ವಾರ ಕಟ್ಟಿದ 450 ರೂಪಾಯಿ ಖಾತೆಗೆ ಬಿದ್ದಿಲ್ಲ ಅಂದರು. ಚಲನ್ ಚೀಟಿ ಮಳೆಗೆ ನೆನೆದು ಹೋಗಿತ್ತು. ನಾನು ಮೆಷಿನ್ ನೋಡಿದೆ. ಇಲ್ಲ. "ಮೆಷಿನ್ ತಪ್ಪು ಮಾಡಲ್ಲ ಅಜ್ಜಾರೆ" ಅಂದೆ. ಮಾರನೇ ದಿನ ಮತ್ತೆ ಬಂದರು. ಮತ್ತೆ ಅದನ್ನೇ ಅಂದೆ. ಮೂರನೇ ದಿನ ಅವರು ಕೌಂಟರಿನ ಕಟ್ಟೆ ಮೇಲೆ ಎರಡೂ ಕೈ ಇಟ್ಟು, "ಯವ್ವಾ, ನಾ ರೊಕ್ಕ ಮಿಷನ್ನಿಗೆ ಕೊಟ್ಟಿಲ್ಲ, ನಿನ್ನ ಕೈಯಾಗ ಕೊಟ್ಟೀನಿ" ಅಂದರು.

ಒಳಗೆ ಹೋಗಿ ವೋಚರ್ ಕಟ್ಟು ಬಿಚ್ಚಿಸಿದೆ. ಅವರ ಚಲನ್ ಅಲ್ಲೇ ಇತ್ತು. ಖಾತೆ ನಂಬರಿನ ಕೊನೆಯ ಅಂಕಿಯನ್ನು ನಾನೇ ತಪ್ಪಾಗಿ ಒತ್ತಿದ್ದೆ. ಹಣ ಇನ್ಯಾರದೋ ಖಾತೆಯಲ್ಲಿ ಕೂತಿತ್ತು. ದಿನದ ಲೆಕ್ಕ ಪೈಸೆಗೆ ಪೈಸೆ ಸರಿಹೊಂದಿತ್ತು, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ಮೆಷಿನ್ ನಿಜಕ್ಕೂ ತಪ್ಪು ಮಾಡಿರಲಿಲ್ಲ, ನೋಡಿ. ನಾನು ಎರಡು ದಿನ ಅದರ ಹಿಂದೆ ಅಡಗಿಕೊಂಡಿದ್ದೆ.

ಈಗ ಕೌಂಟರಿನ ಈಚೆ ಕೂರುವ ಸರದಿ ನನ್ನದು. ಹೋದ ನವೆಂಬರಿನಲ್ಲಿ ಪಿಂಚಣಿಗೆ ಲೈಫ್ ಸರ್ಟಿಫಿಕೇಟ್ ಕೊಡಲು ಹೋದೆ. ಮೂವತ್ತು ವರ್ಷ ನೋಟು ಎಣಿಸಿದ ಹೆಬ್ಬೆಟ್ಟು, ರೇಖೆ ಸವೆದಿದೆ. ನಾಲ್ಕು ಸಲ ಒತ್ತಿದೆ. ಕೌಂಟರಿನ ಹುಡುಗ ಒಳ್ಳೆಯವನೇ. "ಸಿಸ್ಟಂ ತಗೊಳ್ತಾ ಇಲ್ಲಮ್ಮ" ಅಂದ. "ಬದುಕಿದ್ದೀನಿ ಅಂತ ಹೇಳೋಕೆ ತಾನೇ ಮಗಾ? ಎದುರಿಗೇ ಕೂತಿದ್ದೀನಲ್ಲ" ಅಂದೆ. ಪಾಪ, ನಕ್ಕ. ಆದರೂ ಐದನೇ ಸಲ ಒತ್ತಿಸಿದ. ಕಾಗದದ ಫಾರಂ ಇರುತ್ತದಲ್ಲ ಎಂದು ನಾನೇ ನೆನಪಿಸಬೇಕಾಯಿತು. ಇತ್ತು, ಕೆಳಗಿನ ಡ್ರಾಯರಿನಲ್ಲಿ.

ನಿಮ್ಮ ಅಪ್ಪನಿಗೆ ಏನು ಆಗಲ್ಲ ಅನ್ನುವುದನ್ನು ಒಮ್ಮೆ ಸಮಾಧಾನವಾಗಿ ಕೇಳಿ ನೋಡಿ. ಕಂಪ್ಯೂಟರೇ ಇರಲಿಕ್ಕಿಲ್ಲ.

ಪ್ರ: ಫೋನಿನಲ್ಲಿ ಒಂದು ಸೀರೆ ನೋಡಿದರೆ ವಾರವೆಲ್ಲ ಸೀರೆ ಜಾಹೀರಾತು ಬೆನ್ನು ಹತ್ತುತ್ತದೆ. ಇದನ್ನು ಯಾವ ಸಿನಿಮಾವಾದರೂ ಮೊದಲೇ ಹೇಳಿತ್ತೇ ಅಕ್ಕಾ?
*ಕಾಲೇಜು ಉಪನ್ಯಾಸಕಿ, ಪುತ್ತೂರು*

ಉ: ಹೇಳಿತ್ತು. 2002ರ 'ಮೈನಾರಿಟಿ ರಿಪೋರ್ಟ್'. ಸ್ಟೀವನ್ ಸ್ಪೀಲ್‌ಬರ್ಗ್ 1999ರಲ್ಲೇ ತಜ್ಞರನ್ನು ಒಂದು ಹೋಟೆಲಿನಲ್ಲಿ ಕೂರಿಸಿ, 2054ರ ಪ್ರಪಂಚ ಹೇಗಿರಬಹುದು ಎಂದು ಕೇಳಿಕೊಂಡು ಮಾಡಿದ ಸಿನಿಮಾ. ಗೋಡೆ ಮೇಲಿನ ಜಾಹೀರಾತುಗಳು ಜನರ ಕಣ್ಣು ಗುರುತಿಸಿ ಹೆಸರು ಹಿಡಿದು ಕರೆಯುತ್ತವೆ. ನಾಯಕ ತಪ್ಪಿಸಿಕೊಳ್ಳಲು ಕಣ್ಣನ್ನೇ ಬದಲಿಸಿಕೊಂಡು ಬಂದರೆ, ಬಟ್ಟೆ ಅಂಗಡಿ ಅವನನ್ನು ಜಪಾನಿ ಹೆಸರಿನಿಂದ ಸ್ವಾಗತಿಸುತ್ತದೆ!

ಎಲ್ಲರೂ ನೆನಪಿಟ್ಟುಕೊಂಡಿದ್ದು ಇಷ್ಟನ್ನೇ. ನನಗೆ ಕಾಡುವುದು ಅದರ ಹೆಸರು. ಮುಂದೆ ಆಗುವ ಕೊಲೆಗಳನ್ನು ಮೂವರು ಕಾಣುತ್ತಾರೆ. ಪೊಲೀಸರು ಅದನ್ನು ನಂಬಿ, ಕೊಲೆ ಆಗುವ ಮೊದಲೇ ಹಿಡಿಯುತ್ತಾರೆ. ಒಮ್ಮೊಮ್ಮೆ ಮೂವರಲ್ಲಿ ಒಬ್ಬರು ಬೇರೆ ರೀತಿ ಕಾಣುವುದುಂಟು. ಆ ಒಬ್ಬರ ವರದಿಯೇ 'ಮೈನಾರಿಟಿ ರಿಪೋರ್ಟ್'. ಅದನ್ನು ಯಾರಿಗೂ ತೋರಿಸುವುದಿಲ್ಲ. ತೋರಿಸಿದರೆ ಜನ ಸಿಸ್ಟಂ ನಂಬುವುದಿಲ್ಲವಲ್ಲ! ನಮ್ಮ ವೋಚರ್ ಕಟ್ಟು ಇದ್ದಂತೆ, ಕೇಳಿದವರಿಗೆ ಮಾತ್ರ.

ಪ್ರ: '2.0' ಸಿನಿಮಾ ನೋಡಿದ ಮೇಲೆ ನಮ್ಮ ಮನೆಯವರು ಮೊಬೈಲ್ ಟವರ್ ಕಂಡರೆ ಶಾಪ ಹಾಕುತ್ತಾರೆ. ಗುಬ್ಬಚ್ಚಿ ಹೋಗಿದ್ದು ಟವರಿನಿಂದಲೇ?
*ಗೃಹಿಣಿ, ಚಿತ್ರದುರ್ಗ*

ಉ: ಶಂಕರ್ ಅವರ 2018ರ ಆ ಸಿನಿಮಾ ಶುರುವಾಗುವುದೇ ಪಕ್ಷಿಪ್ರೇಮಿ ಮುದುಕರೊಬ್ಬರು ಟವರಿಗೆ ನೇಣು ಹಾಕಿಕೊಳ್ಳುವುದರಿಂದ. ಮನಸ್ಸು ಕರಗುತ್ತದೆ, ನಿಜ. ಆದರೆ ಟವರಿನಿಂದ ಗುಬ್ಬಿ ಸತ್ತವು ಎನ್ನುವುದು ಸಾಬೀತಾಗಿಲ್ಲ. 2020ರಲ್ಲಿ ಬಂದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯ ಪ್ರಕಾರ ಒಟ್ಟಾರೆ ದೇಶದಲ್ಲಿ ಗುಬ್ಬಿಗಳ ಸಂಖ್ಯೆ ಹೆಚ್ಚುಕಡಿಮೆ ಹಾಗೇ ಇದೆ, ದೊಡ್ಡ ನಗರಗಳಲ್ಲಿ ಮಾತ್ರ ಇಳಿದಿದೆ. ನಮ್ಮ ತಾಯಿ ಮನೆಯಲ್ಲಿ ಗಾಂಧೀಜಿ ಫೋಟೋ ಹಿಂದೆ ಗೂಡಿತ್ತು. ಹೆಂಚು ತೆಗೆದು ಆರ್‌ಸಿಸಿ ಹಾಕಿಸಿದ ವರ್ಷ ಫೋಟೋವನ್ನೂ ಗೋಡೆಗೆ ಒತ್ತಿ ಮೊಳೆ ಹೊಡೆದೆವು. ಟವರ್ ಬಂದಿದ್ದು ಎಷ್ಟೋ ಆಮೇಲೆ.

ಪ್ರ: ರೋಬೋ ಪ್ರೀತಿಸುವ ಕತೆ ಮೊದಲು ಮಾಡಿದ್ದು ರಜನಿಕಾಂತ್ ಅಲ್ವಾ?
*ಆಟೋ ಚಾಲಕರು, ಮಂಡ್ಯ*

ಉ: ಅಲ್ಲ ಸಾರ್. 'ಎಂದಿರನ್' 2010. ನಮ್ಮ ಉಪೇಂದ್ರ 'ಹಾಲಿವುಡ್'ನಲ್ಲಿ 2002ಕ್ಕೇ ರೋಬೋ ಆಗಿ ಹುಡುಗಿ ಹಿಂದೆ ಬಿದ್ದಿದ್ದರು. ಅದಕ್ಕೂ ಮೊದಲು, 1921ರಲ್ಲಿ ಪ್ರಾಗ್‌ನಲ್ಲಿ ಆಡಿದ ಕಾರೆಲ್ ಚಾಪೆಕ್ ಅವರ 'ಆರ್.ಯು.ಆರ್' ನಾಟಕ ಮುಗಿಯುವುದೇ ಎರಡು ರೋಬೋಗಳ ಪ್ರೀತಿಯಲ್ಲಿ. ರೋಬೋ ಎಂಬ ಪದ ಹುಟ್ಟಿದ್ದೂ ಆ ನಾಟಕದಲ್ಲೇ. ಜೆಕ್ ಭಾಷೆಯ 'ರೊಬೊಟಾ' ಅಂದರೆ ಬಿಟ್ಟಿ ಚಾಕರಿ. ಮೀಟರ್ ಹಾಕದೆ ಓಡಿಸಿದ ಹಾಗೆ ಅಂದುಕೊಳ್ಳಿ.

ಪ್ರ: ಆಂಟಿ, ನಾನು ಏಳನೇ ಕ್ಲಾಸ್. ಇದರಲ್ಲಿ ಯಾವುದನ್ನು ಮೊದಲು ನೋಡಲಿ?
*ವಿದ್ಯಾರ್ಥಿ, ಸಾಗರ*

ಉ: 'ವಾರ್‌ಗೇಮ್ಸ್'. 'ಟರ್ಮಿನೇಟರ್' ಇನ್ನೂ ಮೂರು ವರ್ಷ ಬೇಡ. ನೋಡುವ ಮೊದಲು ಅಜ್ಜಿಯ ಜೊತೆ ಕೂತು ಒಂಬತ್ತು ಮನೆ ಬರೆದು ಸೊನ್ನೆ–ಇಂಟು ಆಟ ಆಡು. ಇಪ್ಪತ್ತು ಆಟ ಆಡಿ ಯಾರು ಎಷ್ಟು ಗೆದ್ದಿರಿ ಎಂದು ಬರೆದಿಟ್ಟುಕೋ. ಯಾಕೆ ಎಂದು ಸಿನಿಮಾದ ಕೊನೆಯಲ್ಲಿ ಗೊತ್ತಾಗುತ್ತದೆ. ಅಜ್ಜಿಗೆ ನಿದ್ದೆ ಬಂದರೆ ಎಬ್ಬಿಸು.