ಸರ್ಕಾರವನ್ನು ಪ್ರಶ್ನಿಸುವುದು ದೇಶಭಕ್ತಿ ಹೇಗಾಗುತ್ತದೆ?

ಖಂಡಿತ ಆಗುತ್ತದೆ. ದೇಶವೆಂದರೆ ಆ ಹೊತ್ತಿಗೆ ಅಧಿಕಾರದಲ್ಲಿರುವ ಸರ್ಕಾರವಲ್ಲ. ಅದರ ಜನ ಮತ್ತು ಅವರು ತಮಗೆ ತಾವೇ ಕೊಟ್ಟುಕೊಂಡ ಸಂವಿಧಾನ. ಆದ್ದರಿಂದ ಜನರ ಬದುಕಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಪಾಲ್ಗೊಂಡು, ತಪ್ಪು ಕಂಡಲ್ಲಿ ಎದ್ದು ನಿಂತು ಹೇಳುವುದು ದೇಶದ ಕೆಲಸವೇ.

ಇದಕ್ಕೆ ಮುಖ್ಯ ಕಾರಣ, ಕಚೇರಿಯಲ್ಲಿ ಕುಳಿತು ತೀರ್ಮಾನಿಸುವವರಿಗೆ ಊರಿನ ಸ್ಥಿತಿ ಪೂರ್ತಿ ತಿಳಿದಿರುವುದಿಲ್ಲ ಎಂಬುದು. ಶಿರಸಿ ಕಡೆಯ ಯಾವುದೇ ಗ್ರಾಮಸಭೆಯನ್ನು ನೋಡಿ: ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯನ್ನು ಗಟ್ಟಿಯಾಗಿ ಓದುವಾಗ, ಕಳೆದ ಮಳೆಗಾಲದಲ್ಲಿ ಮಣ್ಣಿನ ಗೋಡೆ ಕುಸಿದ ಮನೆಯವರ ಹೆಸರು ಬಿಟ್ಟುಹೋಗಿದ್ದರೆ ಅದನ್ನು ಗುರುತಿಸಬಲ್ಲವರು ನೆರೆಮನೆಯವರು, ಮತ್ತು ಅವರ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾದರೆ ಅದನ್ನು ಸುಮ್ಮನೆ ತಳ್ಳಿಹಾಕುವುದು ಕಷ್ಟವಾಗುತ್ತದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಇಂಥ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅಲ್ಲಿ ಭಿನ್ನವಾಗಿ ಮಾತನಾಡಿದವರನ್ನು ದೇಶದ್ರೋಹಿ ಎಂದು ಕೂರಿಸಿಬಿಟ್ಟರೆ, ಅವರಿಗೆ ಮಾತ್ರ ಗೊತ್ತಿದ್ದ ಸಂಗತಿ ಸಭೆಗೆ ಬರುವುದೇ ಇಲ್ಲ.

1930ರಲ್ಲಿ ಅಂಕೋಲೆಯಲ್ಲಿ ಬ್ರಿಟಿಷರ ಕಾನೂನು ಮುರಿದು ಉಪ್ಪಿನ ಸತ್ಯಾಗ್ರಹ ನಡೆಸಿದವರನ್ನು ದೇಶಭಕ್ತರೆನ್ನಲು ಯಾರೂ ಹಿಂಜರಿಯುವುದಿಲ್ಲ. ಆದರೆ 1983ರಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು, ಸ್ವತಂತ್ರ ಭಾರತದ ಸರ್ಕಾರವೇ ಒಪ್ಪಿಗೆ ಕೊಟ್ಟಿದ್ದ ಕಡಿತಲೆಯನ್ನು ತಡೆದರಲ್ಲ, ಅಪ್ಪಿಕೋ ಚಳವಳಿ ಎಂದು ಹೆಸರಾದ ಆ ಪ್ರತಿಭಟನೆಯನ್ನೂ ಅದೇ ಸಾಲಿನಲ್ಲಿ ಇಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.