ಸಮ್ಮಿಳನ ರಿಯಾಕ್ಟರ್ ಸ್ಫೋಟಿಸಬಹುದೇ? ಮೈಸೂರಿನ ಓದುಗರಿಗೆ ಪ್ರತಿಕ್ರಿಯೆ

ಹಗುರ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಸಮ್ಮಿಳನ ಸ್ಥಾವರದಲ್ಲಿ ಚೆರ್ನೊಬಿಲ್‌ನಂಥ ಅಪಘಾತ ಸಾಧ್ಯವೇ, ಅಲ್ಲಿ ಭಯಪಡಬೇಕಾದದ್ದು ಯಾವುದಕ್ಕೆ ಎಂದು ತಾವು ಕೇಳಿದ್ದೀರಿ.

ನಾನು ಮಂಡ್ಯದವನಾದ್ದರಿಂದ ಆಲೆಮನೆಯ ಉದಾಹರಣೆಯೇ ಮೊದಲು ನೆನಪಾಗುತ್ತದೆ. ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ತುಂಬುವವನು ಕೈ ನಿಲ್ಲಿಸಿದರೆ ಉರಿ ತಾನಾಗಿ ಇಳಿಯುತ್ತದೆ. ಆದರೆ ಕೊಪ್ಪರಿಗೆಯನ್ನು ಕೂಡಲೇ ಮುಟ್ಟುವಂತಿಲ್ಲ. ಸಮ್ಮಿಳನದಲ್ಲಿಯೂ ಹಾಗೆಯೇ. ಫ್ರಾನ್ಸಿನ ಕಾದರಾಶ್‌ನಲ್ಲಿ ನಿರ್ಮಾಣವಾಗುತ್ತಿರುವ ಐಟರ್ ಎಂಬ ಪ್ರಾಯೋಗಿಕ ಸಮ್ಮಿಳನ ಯಂತ್ರದ ಪ್ಲಾಸ್ಮಾದಲ್ಲಿ (ವಿಪರೀತ ಕಾದ, ವಿದ್ಯುದಾವೇಶಗೊಂಡ ಅನಿಲದಲ್ಲಿ) ಒಂದು ಕ್ಷಣಕ್ಕೆ ಇರುವ ಇಂಧನ ಕೆಲವೇ ಗ್ರಾಂ; ಸುಮಾರು 15 ಕೋಟಿ ಡಿಗ್ರಿ ಸೆಲ್ಸಿಯಸ್‌ನ ಶಾಖ ಕುಸಿದರೆ ಕ್ರಿಯೆ ನಿಂತುಹೋಗುವುದರಿಂದ, ಸರಪಳಿ ಕ್ರಿಯೆ ಕೈಮೀರುವ ಪ್ರಶ್ನೆಯೇ ಇಲ್ಲ.

ಹಾಗೆಂದು ಅಪಾಯವೇ ಇಲ್ಲವೆನ್ನುವ ಜಾಹೀರಾತಿನ ಮಾತನ್ನು ನಾನು ಒಪ್ಪುವುದಿಲ್ಲ. ಸುರಕ್ಷತಾ ವಿಶ್ಲೇಷಣೆಯ ಹೆಚ್ಚಿನ ಶ್ರಮ ಇಂಧನದ ಭಾಗವಾದ ಟ್ರಿಟಿಯಂಗೇ ಮೀಸಲು. 12.3 ವರ್ಷಗಳ ಅರ್ಧಾಯುಷ್ಯವುಳ್ಳ (ಅಷ್ಟು ಕಾಲದಲ್ಲಿ ಅರ್ಧದಷ್ಟು ಕ್ಷಯಿಸುವ) ಈ ವಿಕಿರಣಶೀಲ ಹೈಡ್ರೋಜನ್ ಬಿಸಿ ಲೋಹದ ಗೋಡೆಯ ಮೂಲಕವೂ ನುಸುಳಬಲ್ಲದು. ಅನಿಲವಾಗಿದ್ದಾಗಿನದಕ್ಕಿಂತ ನೀರಿನ ರೂಪ ತಾಳಿದಾಗ ದೇಹ ಅದನ್ನು ಬಹಳ ಸುಲಭವಾಗಿ ಹೀರಿಕೊಳ್ಳುವುದರಿಂದ ಅಪಾಯ ಸಾವಿರಾರು ಪಟ್ಟು ಹೆಚ್ಚುತ್ತದೆ. ಇದರೊಡನೆ, ಸಮ್ಮಿಳನದಿಂದ ಹೊಮ್ಮುವ ನ್ಯೂಟ್ರಾನ್‌ ಕಣಗಳ ಹೊಡೆತಕ್ಕೆ ವಿಕಿರಣಶೀಲವಾದ ಗೋಡೆ ಕ್ರಿಯೆ ನಿಂತ ಮೇಲೂ ಶಾಖ ಹೊಮ್ಮಿಸುತ್ತಿರುತ್ತದೆ. ತಂಪು ನೀರಿನ ಕೊಳವೆ ಪ್ಲಾಸ್ಮಾ ಇರುವ ನಿರ್ವಾತ ಕೋಣೆಯೊಳಗೆ ಒಡೆದರೆ, ಹಬೆಯು ಕಾದ ಟಂಗ್‌ಸ್ಟನ್ ಧೂಳಿನೊಡನೆ ವರ್ತಿಸಿ ಹೈಡ್ರೋಜನ್ ಉತ್ಪತ್ತಿಯಾಗಬಹುದು, ಗಾಳಿಯೂ ಸೇರಿದರೆ ಅದು ಹೊತ್ತಿಕೊಳ್ಳಲೂಬಹುದು. ಒತ್ತಡ ತಗ್ಗಿಸುವ ತೊಟ್ಟಿಗಳೂ ಧೂಳಿನ ಪ್ರಮಾಣದ ಮಿತಿಯೂ ಇರುವುದು ಈ ಕಾರಣಕ್ಕಾಗಿಯೇ.

ಪ್ಲಾಸ್ಮಾವನ್ನು ಹಿಡಿದಿಡುವ ಅತಿವಾಹಕ (ವಿದ್ಯುತ್ತಿಗೆ ಪ್ರತಿರೋಧ ಒಡ್ಡದ) ಅಯಸ್ಕಾಂತಗಳಲ್ಲಿ ಶೇಖರವಾಗುವ ಶಕ್ತಿಯೂ ಅಲ್ಪವಲ್ಲ, ಐಟರ್‌ನಲ್ಲಿ ಅದು ಸುಮಾರು 51 ಗಿಗಾಜೂಲ್. ಆದರೆ ಅದರಿಂದಾಗುವ ಹಾನಿ ಬಹುತೇಕ ಯಂತ್ರಕ್ಕೇ ಹೊರತು ಊರಿಗಲ್ಲ.