ನಾಯಕನೇ ಹೊತ್ತು ಸಾಗಿದ ಸಾಹಸ

ಪ್ರಶ್ನೆ: ಕಥೆ ತೆಳುವಾಗಿದ್ದರೂ ಕೆಲವು ಸಾಹಸಚಿತ್ರಗಳು ನಾಯಕನಟನೊಬ್ಬನಿಂದಲೇ ಗೆಲ್ಲುವುದು ಹೇಗೆ?

ಉತ್ತರ: 2003ರ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಮೊದಲ ಭಾಗದಲ್ಲಿ ಜಾನಿ ಡೆಪ್ ಬಂದರಿಗೆ ಬರುವ ದೃಶ್ಯವನ್ನು ನೆನಪಿಸಿಕೊಳ್ಳಿ. ಹಾಯಿಕಂಬದ ಮೇಲೆ ಚಕ್ರವರ್ತಿಯ ಗತ್ತಿನಿಂದ ನಿಂತ ಕಡಲ್ಗಳ್ಳ ಜ್ಯಾಕ್ ಸ್ಪ್ಯಾರೋನ (ಡೆಪ್ ನಿರ್ವಹಿಸಿದ ಪಾತ್ರ) ಪುಟ್ಟ ದೋಣಿಗೆ ನೀರು ನುಗ್ಗಿದೆ. ಅದು ಪೂರ್ತಿ ಮುಳುಗುವ ಹೊತ್ತಿಗೆ ಸರಿಯಾಗಿ ಆತ, ಏನೂ ಆಗಿಲ್ಲವೆಂಬಂತೆ, ಕಟ್ಟೆಗೆ ಕಾಲಿಡುತ್ತಾನೆ. ಮಾತಿಲ್ಲದ ಆ ಕ್ಷಣದಲ್ಲೇ ಪಾತ್ರದ ದಾರಿದ್ರ್ಯ, ಜಂಭ, ಅದೃಷ್ಟ ಮೂರೂ ತಿಳಿದುಬಿಡುತ್ತವೆ. ಮುಂದೆ ಕಥೆ ಎಷ್ಟೇ ಅಡ್ಡಾದಿಡ್ಡಿ ಹೋದರೂ ಪ್ರೇಕ್ಷಕರು ಅವನ ತೂರಾಡುವ ನಡಿಗೆಯನ್ನೇ ಹಿಂಬಾಲಿಸುತ್ತಾರೆ. ಇಂಥ ಲಘು ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ದೊರೆತದ್ದು ಅಪರೂಪವೇ. ಆದರೆ, ನನ್ನ ಮಟ್ಟಿಗೆ, ಆ ವರ್ಚಸ್ಸು ಅಷ್ಟು ಬೆಳಗಿದ್ದು ಪಕ್ಕದಲ್ಲಿ ಸಹನಟ ಒರ್ಲ್ಯಾಂಡೊ ಬ್ಲೂಮ್ ಗಂಭೀರವಾಗಿ ನಿಂತದ್ದರಿಂದ. ಮುಂದಿನ ಭಾಗಗಳಲ್ಲಿ ಅದೇ ಚೇಷ್ಟೆ ಅತಿಯಾಗಿ ಸ್ವಾರಸ್ಯ ತಗ್ಗಿತು.